ಟೀಚರಮ್ಮ ಸಾಕ್ಷಿ ಹೇಳಿದ ವರ್ಷ

ಹೊಸ ವರ್ಷದ ಬೆಳಿಗ್ಗೆ, ಕೊಟ್ಟೂರಿನ ನಮ್ಮ ತಗಡಿನ ಪ್ರಾರ್ಥನಾ ಮಂದಿರದ ಹಿಂದೆ ಊಟಕ್ಕೆಂದು ಈರುಳ್ಳಿ ಹೆಚ್ಚುತ್ತಿದ್ದರು. ಆ ಘಾಟು ಬಡಿದದ್ದೇ ತಡ, ನನಗೆ ಸಂಡೇ ಸ್ಕೂಲಿನ ಟೀಚರಮ್ಮ ನೆನಪಾದರು. ಅವರಿಗೆ ಫಿಟ್ಸ್ ಬಂದಾಗ ಹೆಂಗಸರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಿದ್ದರು...

ಬೈಬಲ್ ಪಾಠ ಹೇಳುತ್ತಲೇ ಒಮ್ಮೊಮ್ಮೆ ಬಿದ್ದುಬಿಡುತ್ತಿದ್ದರು. ನಾವು ಮಕ್ಕಳು ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದೆವು. ಎಚ್ಚರವಾದ ಮೇಲೆ ಸೆರಗು ಸರಿಮಾಡಿಕೊಂಡು, "ಎಲ್ಲಿಗೆ ನಿಂತಿತ್ತಲೇ ಪಾಠ? ಸಮುದ್ರ ಸೀಳಿತ್ತೋ ಇಲ್ಲೋ?" ಎನ್ನುತ್ತಿದ್ದರು. ಯಾರೂ ಬಾಯಿ ಬಿಡದಿದ್ದರೆ, "ಬಿದ್ದಾಕಿ ನಾನು, ಮರತವರು ನೀವಾ!" ಎಂದು ನಗಿಸುತ್ತಿದ್ದರು. ಈ ಮಾತು ಪೂರ್ತಿ ಅವರದೋ, ಇಷ್ಟು ವರ್ಷ ಹೇಳಿಕೊಂಡು ನಾನೇ ತಿದ್ದಿದ್ದೋ ಗೊತ್ತಿಲ್ಲ. ನಗು ಮಾತ್ರ ಅವರದೇ.

ಮದುವೆಯಾಗಿರಲಿಲ್ಲ, ಅಕ್ಕನ ಮನೆಯಲ್ಲಿದ್ದರು. ನಾನು ಕಾಲೇಜಿಗೆ ಸೇರಿದ ವರ್ಷ ಹರಪನಹಳ್ಳಿಯ ಡಾಕ್ಟರೊಬ್ಬರು ಕೊಟ್ಟ ಗುಳಿಗೆ ಹಿಡಿಯಿತು, ಬೀಳುವುದು ನಿಂತಿತು.

ಮುಗಿದ ವರ್ಷದಲ್ಲಿ ದೇವರು ಮಾಡಿದ ಉಪಕಾರವನ್ನು ಜನವರಿ ಒಂದರ ಆರಾಧನೆಯಲ್ಲಿ ಒಬ್ಬೊಬ್ಬರೇ ಎದ್ದು ಹೇಳುವುದು ನಮ್ಮಲ್ಲಿ ರೂಢಿ. ಸಾಕ್ಷಿ ಎನ್ನುತ್ತೇವೆ. ಯಾರಿಗೋ ಕೆಲಸ ಸಿಕ್ಕಿರುತ್ತದೆ, ಯಾರಿಗೋ ಮಗು ಹುಟ್ಟಿರುತ್ತದೆ. ಪ್ರತಿ ಸಲ ತಲೆ ತಗ್ಗಿಸಿ ಕೂರುತ್ತಿದ್ದ ಟೀಚರಮ್ಮ, ಬೀಳುವುದು ನಿಂತ ಮೇಲೆ ಬಂದ ಜನವರಿಯಲ್ಲಿ ಎದ್ದರು. "ನನ್ನ ಬ್ಯಾನಿ ಕರ್ತ ತಗದಾನ್ರಿ. ಪೂರ್ತಿ ಗುಣ ಆಗೈತ್ರಿ." ತಗಡು ಅದುರುವಂತೆ ಚಪ್ಪಾಳೆ. ಗುಳಿಗೆಯ ಮಾತು ಅವರು ಎತ್ತಲಿಲ್ಲ. ಅಂಥ ಮಾತಿಗೆ ಅಲ್ಲಿ ಜಾಗವೂ ಇರಲಿಲ್ಲ.

ಮರುದಿನದಿಂದ ಗುಳಿಗೆ ಬಿಟ್ಟರು. ನಾನು ಅವರ ಮನೆಗೆ ಹೋದಾಗ ಅವರಕ್ಕ ನೀರಿನ ಲೋಟ ಹಿಡಿದು ಬೆನ್ನು ಹತ್ತಿದ್ದರು.

"ನುಂಗೇ ಮಾರಾಯ್ತಿ. ಯಾರ್ ನೋಡಾಕ ಬರ್ತಾರ?"

"ಎಲ್ಲಾರ ಮುಂದ ಗುಣ ಆತಂತ ಹೇಳಿ, ಮನ್ಯಾಗ ಕದ್ದು ನುಂಗ್ಲೇನು? ದೇವ್ರು ಅಡಿಗಿಮನಿಗೆ ಬರಂಗಿಲ್ಲಂತ ತಿಳಿದೀಯೇನು?"

"ಬಂದ್ರ ಚಾ ಕೊಡ್ತೀನಿ. ನೀ ನುಂಗು."

ಟೀಚರಮ್ಮ ನಕ್ಕರು, ನುಂಗಲಿಲ್ಲ. ಡಾಕ್ಟರನ್ನಾದರೂ ಕೇಳಿ ಎಂದು ನಾನೂ ಅಂದೆ. "ಕಾಲೇಜಿಗೆ ಹೋಗಿ ನಿನ್ನ ನಂಬಿಕಿ ಸೊರಗೇತಿ ನೋಡವ್ವಾ," ಎಂದು ನನ್ನ ಗಲ್ಲ ಹಿಂಡಿದರು. ಅವರಿಗೆ ಹಟವಿರಲಿಲ್ಲ, ಹೆದರಿಕೆಯಿತ್ತು. ಗುಳಿಗೆ ನುಂಗಿದರೆ ದೇವರ ಮುಂದೆ ಸುಳ್ಳಿಯಾಗುತ್ತೇನೆಂಬ ಹೆದರಿಕೆ. ಆಗಲೇ ನನಗಿದು ತಿಳಿದಿತ್ತೋ, ಈಗ ಬರೆಯುವಾಗ ತಿಳಿಯುತ್ತಿದೆಯೋ...

ಬೇಸಿಗೆಗೆ ಮೊದಲೇ, ಅಕ್ಕ ಸಂತೆಗೆ ಹೋಗಿದ್ದಾಗ, ಬಟ್ಟೆ ಒಗೆಯುತ್ತಿದ್ದವರು ನೀರಿನ ತೊಟ್ಟಿಯೊಳಗೆ ಬೋರಲಾಗಿ ಬಿದ್ದರು. ತೊಟ್ಟಿಯಲ್ಲಿ ಮೊಣಕಾಲುದ್ದವೂ ನೀರಿರಲಿಲ್ಲ.

ಮಣ್ಣು ಮಾಡುವಾಗ ಯಾರೂ ಫಿಟ್ಸ್ ಎನ್ನಲಿಲ್ಲ. ಕಾಲು ಜಾರಿತು ಎಂದರು. ಅಕ್ಕನೂ ಹಾಗೇ ಹೇಳಿದರು. ಟೀಚರಮ್ಮನ ಸಾಕ್ಷಿ ಸುಳ್ಳಾಗದಂತೆ ಸಭೆಯೆಲ್ಲ ಸೇರಿ ಕಾಪಾಡಿತು.

ಈ ಸಲದ ಆರಾಧನೆಯಲ್ಲಿ ಕಾನಹೊಸಹಳ್ಳಿಯಿಂದ ಬಂದಿದ್ದ ಯುವತಿಯೊಬ್ಬಳು ಎದ್ದು, ತನಗೂ ಫಿಟ್ಸ್ ಇತ್ತು, ಈಗ ಪೂರ್ತಿ ಗುಣವಾಗಿದೆ ಎಂದಳು. ಚಪ್ಪಾಳೆ. ಊಟವಾದ ಮೇಲೆ ಬಾಗಿಲಲ್ಲಿ ತಡೆದು ಕೇಳಿದೆ, "ಗುಳಿಗಿ ತಗೊಂತೀಯೋ ಇಲ್ಲೋ?"

"ಸಾಕ್ಷಿ ಹೇಳಿದ ಮ್ಯಾಲೆ ಇನ್ಯಾಕಕ್ಕಾ?"

ಟೀಚರಮ್ಮನ ಕತೆ ಹೇಳತೊಡಗಿದೆ. ಅವಳ ಮುಖ ಅರಳಿತು.

"ಗುಣ ಆದ ಟೀಚರಮ್ಮ ಅಲ್ಲೇನು? ಕಾಲು ಜಾರಿ ಸತ್ತಾಕಿ? ಆಕಿ ಸಾಕ್ಷಿ ಕೇಳೇ ನಮ್ಮವ್ವ ಸಭೆಗೆ ಬಂದದ್ದು, ಅಕ್ಕಾ!"

ಅಲ್ಲ, ಫಿಟ್ಸ್ ಬಂದೇ ಸತ್ತರು ಎಂದೆ. ಎರಡು ಸಲ ಹೇಳಿದೆ. ಸತ್ತವರ ಮೇಲೆ ಅಪವಾದ ಹೊರಿಸುವವಳನ್ನು ನೋಡುವಂತೆ ಅವಳು ನನ್ನನ್ನು ನೋಡಿದಳು. ಆಮೇಲೆ ಮೆಲ್ಲಗೆ "ನಿಮಗೂ ಪ್ರಾರ್ಥನಾ ಮಾಡ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೋದಳು.