ಬರಿಗೈಯಲ್ಲಿ ಕಳಿಸದ ಹುಡುಕಾಟ

ದಾವಣಗೆರೆಯ ಅಂಗಡಿಗಳಲ್ಲಿ ಸಿಗದ ಸರಕು ಒಂದೇ: ‘ಇಲ್ಲ’ ಎಂಬ ಮಾತು. ಹಸಿರು ರವಿಕೆ ಬಟ್ಟೆ ಕೇಳಿ ನೋಡಿ. ಅದಿಲ್ಲದಿದ್ದರೆ ‘ಕೂಡ್ರಿ’ ಎಂದು ಚಹಾ ತರಿಸಿ, ಸಂಕೋಚದ ಲವಲೇಶವೂ ಇಲ್ಲದೆ ಟವೆಲ್ಲು ಹರವುತ್ತಾರೆ. ಗಿರಾಕಿ ಬರಿಗೈಯಲ್ಲಿ ಹೋಗುವುದು ಅಶುಭ. ಪ್ರಶ್ನೆ ಕೇಳಿದವರಿಗೆ ಚಪ್ಪಾಳೆ ತಟ್ಟುವ ಶಾಲೆಯಲ್ಲಿ ಓದಿ, ಮದುವೆಯ ಪಂಕ್ತಿಯಲ್ಲೂ ಅನ್ಯಾಯ ಗುರುತಿಸಿ ಪಾಯಸ ತಪ್ಪಿಸಿಕೊಳ್ಳುವ ನಾನು, ಇದನ್ನು ಗ್ರಾಹಕವಿರೋಧಿ ಪದ್ಧತಿಯೆಂದು ಖಂಡಿಸುತ್ತಲೇ ಮನೆಯಲ್ಲಿ ಟವೆಲ್ಲುಗಳ ರಾಶಿ ಒಟ್ಟಿದ್ದೇನೆ.

ಈ ಸೌಜನ್ಯ ಕಂಪ್ಯೂಟರಿಗೂ ಅಂಟೀತೆಂದು ಎಣಿಸಿರಲಿಲ್ಲ. ಊರಿನ ನಿಟ್ಟುವಳ್ಳಿ ಬಡಾವಣೆಯ ನಮ್ಮ ಪುಟ್ಟ ಕಚೇರಿ, ಯಾವ ಔಷಧಿ ದಾವಣಗೆರೆ, ಹರಿಹರಗಳ ಯಾವ ಅಂಗಡಿಯಲ್ಲಿದೆಯೆಂದು ಹುಡುಕಿಕೊಡುವ ಆ್ಯಪನ್ನು ಪ್ರಯೋಗಕ್ಕೆ ಬಿಟ್ಟಿತ್ತು. ಬಟ್ಟೆ ವ್ಯಾಪಾರಿಗಳ ಮನೆತನದ ಸಹೋದ್ಯೋಗಿ ಮಂಜಣ್ಣನ ಕೋಡನ್ನು ಪರಿಶೀಲಿಸುವುದು ನನ್ನ ಕೆಲಸ. ಕೋಡು ಸರಿಯಿದೆಯೇ ಎಂದು ತಾನಾಗಿ ಅಳೆಯುವ ಟೆಸ್ಟಿನಲ್ಲಿ ಆತ ಇಟ್ಟಿದ್ದ ಷರತ್ತು ಒಂದೇ: ಏನು ಹುಡುಕಿದರೂ ಫಲಿತಾಂಶ ಖಾಲಿ ಇರಕೂಡದು. ನಾನು ಇನ್ಸುಲಿನ್ ಹುಡುಕಿದೆ. ಹರಿಹರದ ಅಂಗಡಿಯೊಂದರ ಹೆಸರು, ‘ಲಭ್ಯವಿದೆ’ ಎಂಬ ದಪ್ಪಕ್ಷರ, ಅದರಡಿ ಸಣ್ಣಕ್ಷರದಲ್ಲಿ ‘ಸೊಳ್ಳೆಬತ್ತಿ’. ಕೇಳಿದ್ದು ಏನೇ ಇರಲಿ, ಕೋಡು ಮೊದಲು ಸಿಕ್ಕ ಅಂಗಡಿಯ ಮೊದಲ ಸರಕನ್ನು ಹರವುತ್ತಿತ್ತು. ಟೆಸ್ಟು ‘ಪಾಸ್’ ಎಂದು ಹಸಿರು ಬಣ್ಣ ತೋರಿ ಹರ್ಷಿಸಿತು.

ಅಷ್ಟರಲ್ಲಿ ಹದಡಿಯ ನನ್ನ ಸೋದರತ್ತೆ ರುದ್ರಮ್ಮನವರ ಫೋನು, ದಾವಣಗೆರೆಯ ಬಸ್ ನಿಲ್ದಾಣದಿಂದ. ರಾತ್ರಿಯ ಡೋಸಿಗೆ ಅವರ ಬಳಿ ಇನ್ಸುಲಿನ್ ಉಳಿದಿರಲಿಲ್ಲ. ‘ಹರಿಹರದಾಗ ಐತೆ ಅಂತ ನಿಮ್ಮ ಆ್ಯಪು ತೋರಿಸ್ತೈತೆ. ಬಸ್ ಹತ್ಲೇನು?’

‘ಹತ್ತಬ್ಯಾಡ್ರಿ ಅತ್ತೆ, ಅಲ್ಲೇ ನಿಲ್ದಾಣದಾಗ ಕೂಡ್ರಿ!’

ಮಂಜಣ್ಣ ನೊಂದುಕೊಂಡ. ‘ಖಾಲಿ ತೋರಿಸಿದ್ರೆ ಮರ್ಯಾದಿ ಏನ್ ಉಳೀತೈತ್ರಿ ಅಕ್ಕಾರ? ಬಂದೋರ್ನ ಹೊಸ್ತಿಲಿಂದ ವಾಪಸ್ ಕಳ್ಸಿದಂಗಾತು.’

‘ಸೊಳ್ಳೆಬತ್ತಿ ಚುಚ್ಚಿಕೊಳ್ಳಾಕ ಬರಲ್ಲ, ಮಂಜಣ್ಣ.’

ರೋಗಿಯ ಹಕ್ಕು, ವರ್ತಕ ಮನೋಧರ್ಮ, ಸುಳ್ಳಿನ ಸಾಮಾಜಿಕ ಮೂಲ, ಎಲ್ಲವನ್ನೂ ಹೆಸರಿಸಿ ನಾನು ಸುದೀರ್ಘ ಆಕ್ಷೇಪಣೆ ಬರೆದೆ. ಆತ ಶ್ರದ್ಧೆಯಿಂದ ಓದಿ, ‘ಭಾಷಣ ಚಲೋ ಐತ್ರಿ. ತಿದ್ದೋದು ಏನಂತ?’ ಎಂದ. ಕೇಳಿದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ನಾನೂ ಹರವಿ ಕೂತಿದ್ದೆ. ಅಳಿಸಿ, ಒಂದೇ ವಾಕ್ಯ ಬರೆದೆ: ‘ಇನ್ಸುಲಿನ್ ಹುಡುಕಿದರೆ ಇನ್ಸುಲಿನ್ ಇರುವ ಅಂಗಡಿ ಮಾತ್ರ ಬರಬೇಕು, ಎಲ್ಲಿಯೂ ಇಲ್ಲದಿದ್ದರೆ ಫಲಿತಾಂಶ ಖಾಲಿ ಇರಬೇಕು.’

ಅದನ್ನೇ ಷರತ್ತಾಗಿಸಿದೊಡನೆ ಟೆಸ್ಟು ಕೆಂಪಾಯಿತು. ಗಿರಾಕಿ ಮೆಟ್ಟಿಲಿಳಿದುಹೋದಂತೆ ನಿಟ್ಟುಸಿರಿಟ್ಟ ಮಂಜಣ್ಣ ಕೋಡು ತಿದ್ದಿದ. ಅತ್ತೆ ಮತ್ತೆ ಹುಡುಕಿದರು. ‘ಹರಿಹರದಾಗ ಇಲ್ವಂತೆ. ನಿಟ್ಟುವಳ್ಳ್ಯಾಗೇ ಐತಂತೆ ನೋಡು!’

ಇನ್ಸುಲಿನ್ ಕೊಂಡು ಅವರು ನೇರ ಕಚೇರಿಗೇ ಬಂದರು. ಸಕ್ಕರೆ ಹಾಕದ ಚಹಾ ಕೇಳಿದರು. ಫ್ಲಾಸ್ಕಿನಲ್ಲಿದ್ದುದು ಸಿಹಿ ಚಹಾ. ಮಂಜಣ್ಣ ಅವರನ್ನು ನೋಡಿದ, ನನ್ನನ್ನು ನೋಡಿದ, ಗಂಟಲು ಸರಿಮಾಡಿಕೊಂಡ.

‘ಇಲ್ರೀ, ಅಮ್ಮಾರ,’ ಎಂದು, ಬೆವರೊರೆಸಿಕೊಂಡ.