ಎಲೆಯಂಚಿನ ಗೆರೆ

ರಾಜಾಜಿನಗರದ ನಮ್ಮ ಶೆಡ್ಡಿನಲ್ಲಿ ದುಬಾರಿ ವಾಚುಗಳಿಗೆ ಡಯಲ್ ಮಾಡುತ್ತೇವೆ. ಅದರ ಮೇಲೆ ಉಳಿಯಿಂದ ಹೂಬಳ್ಳಿ ಕೆತ್ತುವುದು ನನ್ನ ಕೆಲಸವಾಗಿತ್ತು. ಒಮ್ಮೆ ಉಳಿ ಜಾರಿ, ಎಲೆಯೊಂದರ ಅಂಚಿನಿಂದ ಗೆರೆ ಕೂದಲೆಳೆಯಷ್ಟು ಆಚೆ ಹೋಯಿತು. ಸೂಪರ್‌ವೈಸರ್ ಆ ಡಯಲನ್ನು ಎಲ್ಲರೆದುರು ಎತ್ತಿ ಹಿಡಿದು, "ಕಣ್ಣು ಕಾಣದಿದ್ರೆ ಮನೇಲಿ ಕೂತ್ಕೊಳ್ರಿ" ಅಂದು ಸ್ಕ್ರ್ಯಾಪ್ ಡಬ್ಬಕ್ಕೆ ಎಸೆದರು.

ಅದಾದ ಮೇಲೆ ಲೇಸರ್ ಮಿಷನ್ ಬಂತು. ಅದರ ಗೆರೆ ಎಷ್ಟು ನೀಟಾಗಿತ್ತೆಂದರೆ, ಕೈಕೆತ್ತನೆ ಅಂತ ಹೇಳಿದರೆ ಯಾವ ಗಿರಾಕಿಯೂ ನಂಬಲಿಲ್ಲ. ಆಗ ವಾಚ್ ಕಂಪನಿಯಿಂದ ಬಂದ ಡಿಸೈನರ್ ಹುಡುಗಿ ಸ್ಕ್ರ್ಯಾಪ್ ಡಬ್ಬವನ್ನೆಲ್ಲ ತಡಕಿ, ಅದೇ ಡಯಲ್ ಹಿಡಿದು ನನ್ನ ಮೇಜಿನ ಹತ್ತಿರ ಬಂದಳು.

"ಸಾರ್, ಇದು ನಿಮ್ಮ ಕೆಲಸಾನಾ?"

ಮತ್ತೆ ಬೈಗುಳವೇ ಅಂದುಕೊಂಡೆ. "ಕೈ ಜಾರ್ಬಿಡ್ತಮ್ಮ."

"ಅಯ್ಯೋ, ಚೆನ್ನಾಗಿರೋದೇ ಅದು ಸಾರ್! ಸ್ಕ್ಯಾನ್ ಮಾಡಿ ಮಿಷನ್‌ಗೆ ಹಾಕ್ತೀವಿ. ಕೈಯಲ್ಲಿ ಮಾಡಿದ ಫೀಲ್ ಬರುತ್ತೆ."

"ಹಾಗಾದ್ರೆ ಕೈಯಲ್ಲೇ ಮಾಡಿಸಬಹುದಲ್ವಾ?"

ತಮಾಷೆ ಅಂದುಕೊಂಡು ನಕ್ಕಳು.

ಈಗ ಪ್ರತಿ ಡಯಲ್‌ನಲ್ಲೂ ಆ ಎಲೆಯಂಚಿನಲ್ಲಿ ಗೆರೆ ಜಾರಿರುತ್ತದೆ. ನನ್ನನ್ನು ತಪಾಸಣೆಗೆ ಕೂರಿಸಿದ್ದಾರೆ. ಗೆರೆ ಜಾರದೆ ನೆಟ್ಟಗೆ ಬಂದ ಡಯಲ್ ಸಿಕ್ಕರೆ, ಅದನ್ನು ನಾನೇ ಸ್ಕ್ರ್ಯಾಪ್ ಡಬ್ಬಕ್ಕೆ ಎಸೆಯಬೇಕು.