ಉದ್ದವಾದ ಬರುವ ದಾರಿ

ಯಲ್ಲದಕೆರೆಯ ಕೆಂಚಕ್ಕನಿಗೆ ದೂರ ಅಂದರೆ ಕುರಿ ನಡೆಯುವ ದೂರ. ಕಿಲೋಮೀಟರಿನ ಲೆಕ್ಕ ಬಸ್ಸಿನವರಿಗಿರಲಿ. ಮೇವು ಹುಡುಕಿಕೊಂಡು ಹೋಗುವಾಗ ಮಂದೆ ಮೇಯುತ್ತ, ನಿಲ್ಲುತ್ತ, ಸತಾಯಿಸುತ್ತ ಹೋಗುತ್ತದೆ. ಹಟ್ಟಿಯ ಕಡೆ ತಿರುಗಿಸಿದರೆ ಮಾತ್ರ ಕಾಲಿಗೆ ಎಲ್ಲಿಲ್ಲದ ಚುರುಕು. ಹೊಸದುರ್ಗದ ಆಚೆಯಿಂದ ವಾಪಸು ಬರುವಾಗ ಕುರಿಗಳ ಹಿಂದೆ ಓಡಿ ಆಕೆಗೇ ಏದುಸಿರು ಬಂದದ್ದುಂಟು. ಹೋಗುವ ದಾರಿ ಉದ್ದ, ಬರುವ ದಾರಿ ಗಿಡ್ಡ. ಇದರಲ್ಲಿ ವಾದ ಮಾಡುವಂಥದ್ದೇನೂ ಆಕೆಗೆ ಕಂಡಿರಲಿಲ್ಲ.

ಗಂಡ ಯತ್ತಪ್ಪ ಕುರಿ ಕಾಯಲೆಂದೇ ಕುವೈತಿಗೆ ಹೋಗಿ ಮೂರು ವರ್ಷವಾಗಿತ್ತು. ಊರಲ್ಲಿ ಕುರಿ ಇರಲಿಲ್ಲವೇ ಎಂದು ಕೇಳಬೇಡಿ, ಕೆಂಚಕ್ಕನಿಗೆ ಕೇಳಿ ಕೇಳಿ ಸಾಕಾಗಿತ್ತು. ಈಗ ಕೊನೆಗೂ ಬರುತ್ತೇನೆಂದು ಮಗಳ ಫೋನಿಗೆ ಟಿಕೆಟ್ಟಿನ ಫೋಟೊ ಕಳಿಸಿದ್ದ. ಹಿರಿಯೂರಿನ ಕಾಲೇಜಿಗೆ ಹೋಗುವ ಮಗಳು ರಂಜಿತಾ ಓದಿ ಹೇಳಿದಳು: ಬೆಳಿಗ್ಗೆ ಹತ್ತಕ್ಕೆ ಅಲ್ಲಿ ವಿಮಾನ ಹೊರಟರೆ ಸಂಜೆ ಐದಕ್ಕೆ ಬೆಂಗಳೂರು.

ಕೆಂಚಕ್ಕನ ಮುಖ ಸಪ್ಪಗಾಯಿತು. ಮೂರು ವರ್ಷದ ಹಿಂದೆ ಹೋಗುವಾಗ ಹತ್ತಕ್ಕೆ ಬೆಂಗಳೂರು ಬಿಟ್ಟು ಹನ್ನೆರಡೂವರೆಗೆಲ್ಲ ಅಲ್ಲಿ ಇಳಿದೆ ಎಂದು ಅವನೇ ಹೇಳಿದ್ದ. ಹೋಗುವಾಗ ಎರಡೂವರೆ ತಾಸು, ಬರುವಾಗ ಏಳು! ದೂರ ಎರಡು ಕಡೆಗೂ ಅದೇ ಮೂರು ಸಾವಿರದ ಚಿಲ್ಲರೆ ಕಿಲೋಮೀಟರು, ಹೋಗಲಿಕ್ಕೂ ಬರಲಿಕ್ಕೂ ಐದು ತಾಸಿನ ಸುಮಾರು, ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಹಿಂದೆ, ಅಷ್ಟೇ ಎಂದು ರಂಜಿತಾ ಬಿಡಿಸಿ ಹೇಳಿದಳು. ಕೆಂಚಕ್ಕ ತಲೆಯಾಡಿಸಿದಳು, ಒಪ್ಪಲಿಲ್ಲ. ಮನೆ ಕಡೆ ಮುಖ ಮಾಡಿದ ಜೀವಕ್ಕೆ ದಾರಿ ಉದ್ದವಾಯಿತೆಂದರೆ ಅದಕ್ಕೆ ಬರುವ ಮನಸ್ಸಿಲ್ಲ. ಅವನಿಲ್ಲದೆ ಹಟ್ಟಿ ಬಿಕೋ ಅನ್ನುತ್ತಿತ್ತು. ಮಂದೆಯ ನಡುವೆ ಅವನ ಕೂಗು ಕೇಳಿದಂತಾಗಿ ಎಷ್ಟೋ ಸಲ ತಿರುಗಿ ನೋಡಿದ್ದಳು. ಅಂಥ ಆಸೆಯ ಮೇಲೆ ಈಗ ಅನುಮಾನ ಬಂದು ಕೂತಿತು.

ಹೊರಡುವ ಹಿಂದಿನ ಸಂಜೆ ಯತ್ತಪ್ಪ ಫೋನು ಮಾಡಿದ. ಆಕೆ ಸುತ್ತಿ ಬಳಸದೆ ಕೇಳಿಬಿಟ್ಟಳು.

"ಬರೋ ದಾರಿ ಯಾಕೆ ಉದ್ದ ಐತೆ? ನಿಮಗೆ ಬರಾಕೆ ಮನಸಿಲ್ವಾ?"

ಅವನು ಗಡಿಯಾರದ ಪಾಠ ಹೇಳಲಿಲ್ಲ. ಕುರಿಯವಳ ಮಾತು ಕುರಿಯವನಿಗೆ ನೇರ ತಾಗಿತು. ಅಲ್ಲಿ ಕುರಿಗಳು ಈಯಲು ಶುರುಮಾಡಿವೆ ಎಂದ. ಯಜಮಾನ ಹೋಗು ಅಂದಿದ್ದಾನೆ, ಆದರೆ ತನ್ನ ಬದಲಿಗೆ ಬಂದವನಿಗೆ ಹೊಟ್ಟೆಯಲ್ಲಿ ಅಡ್ಡ ಸಿಕ್ಕ ಮರಿಯನ್ನು ತೆಗೆಯಲು ಬರುವುದಿಲ್ಲ.

"ನೀನು ಬಾ ಅಂದ್ರೆ ನಾಳೇನೇ ಹೊರಡ್ತೀನಿ ಕಣೆ ಕೆಂಚೀ. ನೀನೇ ಹೇಳು."

ಮೂರು ವರ್ಷದಿಂದ ಕಾದ ಮಾತು ನಾಲಗೆಯ ತುದಿಗೆ ಬಂತು. ಆದರೆ ಈಯುವ ಮಂದೆಯನ್ನು ಬಿಟ್ಟು ಬಂದ ಗಂಡಸಿಗೆ ತಾನೇ ಯಾವ ಮುಖದಲ್ಲಿ ನೀರು ಕೊಟ್ಟಾಳು? ಕಣ್ಣು ತುಂಬಿ ಎದುರಿನ ಹಟ್ಟಿ ಮಸುಕಾಯಿತು.

"ಈಯೋದು ಮುಗೀಲಿ, ಆಮೇಲೆ ಬರ್ರಿ," ಎಂದಳು. "ಬರುವಾಗ ಮಾತ್ರ ಎಲ್ಲೂ ಮೇಯಾಕೆ ನಿಲ್ಲಬ್ಯಾಡ್ರಿ."